ಚೀಲಕ್ಕೆ ಯಾವ ಪುಸ್ತಕ, ಮನೆಗೆ ಯಾವ ಪುಸ್ತಕ?

ಕಾಡು, ಬೆಟ್ಟ, ಜಲಪಾತಗಳ ಕಡೆಗೆ ಹೊರಡುವವರು ಓದಬೇಕಾದ ಪುಸ್ತಕಗಳ ಬಗ್ಗೆ ಪ್ರಶ್ನೆ ಕಳುಹಿಸುವಂತೆ ಹಿಂದಿನ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಹಲವು ಒಂದೇ ಬಗೆಯವಾಗಿದ್ದುದರಿಂದ ಐದನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಮಕ್ಕಳೊಂದಿಗೆ ಎಂಟು ದಿನ ಆಗುಂಬೆ, ಮೂಡಿಗೆರೆ, ಸುಬ್ರಹ್ಮಣ್ಯದ ಕಡೆ ಸುತ್ತಾಡುವ ಯೋಚನೆ ಇದೆ. ಪೇಟೆಯಲ್ಲಿ ಸಿಗುವ ಪ್ರವಾಸಿ ಕೈಪಿಡಿಗಳನ್ನು ಕೊಂಡು ನೋಡಿದೆವು. ಎಲ್ಲದರಲ್ಲೂ ಅದೇ ಹತ್ತು ಸ್ಥಳ, ಅದೇ ಊಟ ವಸತಿಯ ವಿವರ. ಹೊರಡುವ ಮುನ್ನ ಓದಲು ಕನ್ನಡದಲ್ಲಿ ಬೇರೆ ಏನಿದೆ?
— ಶಿಕ್ಷಕಿ, ದಾವಣಗೆರೆ

ಉತ್ತರ: ಕೈಪಿಡಿಗಳ ಬಗ್ಗೆ ನಿಮಗಾದ ಬೇಸರ ನ್ಯಾಯವಾದದ್ದು. ಊರಿಂದೂರಿಗೆ ಎಷ್ಟು ಕಿಲೋಮೀಟರ್, ರಾತ್ರಿ ಎಲ್ಲಿ ತಂಗಬಹುದು ಎಂಬ ಮಾಹಿತಿ ಈಗ ಫೋನಿನಲ್ಲೇ ಸಿಗುವುದರಿಂದ ಅಷ್ಟಕ್ಕಾಗಿ ಪುಸ್ತಕ ಕೊಳ್ಳಬೇಕಾಗಿಲ್ಲ. ಆ ಜಾಗದಲ್ಲಿ ನಿಂತಾಗ ಕಣ್ಣು ಯಾವುದರ ಮೇಲೆ ಹರಿಯಬೇಕು, ಕಿವಿ ಯಾವುದಕ್ಕೆ ಕಾಯಬೇಕು ಎಂದು ಕಲಿಸುವ ಪುಸ್ತಕಗಳೇ ಬೇರೆ. ಮಲೆನಾಡಿನ ಮಟ್ಟಿಗೆ ಅಂಥವು ಕನ್ನಡದಲ್ಲಿ ಇರುವಷ್ಟು ಇಂಗ್ಲಿಷಿನಲ್ಲಿಯೂ ಇಲ್ಲವೆಂದು ನಾನು ನಂಬಿದ್ದೇನೆ.

ಮೊದಲು ಶಿವರಾಮ ಕಾರಂತರ ‘ಬೆಟ್ಟದ ಜೀವ’ವನ್ನು ಓದಿ. 1943ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ, ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ನಿರೂಪಕನು ಗೋಪಾಲಯ್ಯನೆಂಬ ವೃದ್ಧ ಕೃಷಿಕನ ಮನೆಯಲ್ಲಿ ಆಶ್ರಯ ಪಡೆದು ಕೆಲವು ದಿನ ಅಲ್ಲೇ ಉಳಿಯುತ್ತಾನೆ. ಕಾಡಿನ ಮಗ್ಗುಲಲ್ಲಿ ತೋಟ ಎಬ್ಬಿಸಿದ ಆ ಮುದುಕನ ಜೊತೆ ನಡೆಯುತ್ತಲೇ ನಾವು ಹೊಳೆಯನ್ನು, ಬೆಟ್ಟವನ್ನು, ಆನೆ ಹುಲಿಗಳ ಕಾಟವನ್ನು, ಮಗ ಮನೆಬಿಟ್ಟು ಹೋದ ದುಃಖವನ್ನು ಕಾಣುತ್ತೇವೆ. ಈ ಕಾದಂಬರಿಯನ್ನು ಓದಿ ಸುಬ್ರಹ್ಮಣ್ಯಕ್ಕೆ ಹೋದವರಿಗೆ ಕುಮಾರಪರ್ವತವು ಬರಿಯ ಚಾರಣದ ಗುರಿಯಾಗಿ ಉಳಿಯುವುದಿಲ್ಲ. ಅದರ ಬುಡದಲ್ಲಿ ಯಾರೋ ಅಡಿಕೆ ನೆಟ್ಟು, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಹೊರಜಗತ್ತಿನ ಸಂಪರ್ಕವಿಲ್ಲದೆ ಬದುಕಿದ್ದರು ಎಂಬ ಅರಿವು ಜೊತೆಗಿರುತ್ತದೆ.

ಆಗುಂಬೆಯ ಕಡೆಗೆ ಹೋಗುವಾಗ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಜೊತೆಗಿರಲಿ. ಬಿಡಿಬಿಡಿಯಾದ ಬರಹಗಳಾದ್ದರಿಂದ ರಾತ್ರಿ ಮಲಗುವ ಮುನ್ನ ಮಕ್ಕಳಿಗೆ ಒಂದೊಂದನ್ನೇ ಗಟ್ಟಿಯಾಗಿ ಓದಿ ಹೇಳಬಹುದು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆಗೆ ಒಂದು ಗಂಟೆಯನ್ನಷ್ಟೇ ಮೀಸಲಿಡಬೇಡಿ. ಅರ್ಧ ದಿನ ಇಟ್ಟುಕೊಂಡು, ಹಿಂದಿನ ಗುಡ್ಡ ಹತ್ತಿ ಕವಿಶೈಲದ ಬಂಡೆಯ ಮೇಲೆ ಸಂಜೆಯವರೆಗೆ ಕುಳಿತುಕೊಳ್ಳಿ.

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಪುಸ್ತಕವನ್ನು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅನುಭವವೇ ಈ ಪುಸ್ತಕ. 1978ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದು ಗಿಡ ಎದುರಾದರೆ ಅದರ ಎಲೆ, ಹೂ, ಕಾಯಿಗಳ ರಚನೆಯಿಂದ ಹಿಡಿದು ಹಳೆಯ ಕಾವ್ಯಗಳಲ್ಲಿ ಅದರ ಪ್ರಸ್ತಾಪದವರೆಗೆ, ಅದನ್ನು ತಿಂದ ವಿದ್ಯಾರ್ಥಿಯ ಪಾಡಿನವರೆಗೆ ಮಾತು ಹರಿಯುತ್ತದೆ. ಚಿತ್ರಗಳನ್ನೂ ಲೇಖಕರೇ ಬರೆದಿದ್ದಾರೆ. ಘಟ್ಟದ ಕಾಡು ಹೊರಗಿನವರಿಗೆ ಒಂದೇ ಹಸಿರು ಗೋಡೆಯಂತೆ ಕಾಣುತ್ತದೆ. ಅದರೊಳಗೆ ಧೂಪ, ಮುರುಗಲು, ಉಪ್ಪಾಗೆ, ರಾಮಪತ್ರೆ, ಬೈನೆ ಎಂದು ಐದೇ ಮರಗಳನ್ನು ಹೆಸರಿಟ್ಟು ಗುರುತಿಸಲು ಕಲಿತರೂ ಆ ಗೋಡೆ ಒಡೆದು ಒಳಗೆ ದಾರಿ ಕಾಣುತ್ತದೆ. ಅಲ್ಲಿ ನಿಮಗೆ ಮನೆ ಕೊಟ್ಟವರನ್ನೇ ಈ ಮರಗಳನ್ನು ತೋರಿಸಲು ಕೇಳಿ. ಮುರುಗಲಿನ ಸಿಪ್ಪೆಯ ಸಾರು ಮಾಡುವವರಿಗೆ ಆ ಮರ ಎಲ್ಲಿದೆಯೆಂದು ಗೊತ್ತಿಲ್ಲದಿರುವುದಿಲ್ಲ.

ಮೂಡಿಗೆರೆಗೆ ತೇಜಸ್ವಿಯವರನ್ನು ಓದದೆ ಹೋಗುವುದು ಸಾಧ್ಯವೇ ಇಲ್ಲ. ದೊಡ್ಡ ಮಗುವಿಗೆ ‘ಕರ್ವಾಲೊ’, ಚಿಕ್ಕದಕ್ಕೆ ‘ಪರಿಸರದ ಕತೆ’ ಸರಿಹೋಗುತ್ತದೆ. ‘ಕರ್ವಾಲೊ’ದಲ್ಲಿ ವಿಜ್ಞಾನಿ, ಹಳ್ಳಿಯ ಹುಡುಗ ಮಂದಣ್ಣ, ನಿರೂಪಕ ಎಲ್ಲರೂ ಹುಡುಕಿಕೊಂಡು ಹೋಗುವ ಹಾರುವ ಓತಿಯನ್ನು ಅನೇಕರು ಬರಿಯ ಕಲ್ಪನೆಯೆಂದು ತಿಳಿದಿದ್ದಾರೆ. ಪಶ್ಚಿಮ ಘಟ್ಟದಲ್ಲಿ ಹಾರುವ ಓತಿ ನಿಜವಾಗಿಯೂ ಇದೆ. ಪಕ್ಕೆಲುಬುಗಳನ್ನು ಅಗಲಿಸಿ ಚರ್ಮವನ್ನು ರೆಕ್ಕೆಯಂತೆ ಹರಡಿಕೊಂಡು ಒಂದು ಮರದಿಂದ ಇನ್ನೊಂದಕ್ಕೆ ತೇಲುವ ಅದು ಅಡಿಕೆ ತೋಟಗಳಲ್ಲಿಯೂ ಕಾಣಸಿಗುತ್ತದೆ. ತೊಗಟೆಯ ಬಣ್ಣಕ್ಕೆ ಬೆರೆತು ಕುಳಿತಿರುವುದರಿಂದ ಸುಮ್ಮನೆ ನಡೆದು ಹೋಗುವವರಿಗೆ ಕಾಣುವುದಿಲ್ಲ. ಬಿಸಿಲೇರಿದ ಮೇಲೆ ತೋಟದ ಯಜಮಾನರ ಅನುಮತಿ ಪಡೆದು ಒಂದು ಕಡೆ ನಿಂತು, ಅಡಿಕೆ ಮರಗಳ ಕಾಂಡವನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೋಡಿ. ಗಂಡು ಓತಿ ಗಂಟಲ ಕೆಳಗಿನ ಹಳದಿ ಚೀಲವನ್ನು ಬಿಚ್ಚಿ ಮಡಚುವುದೇ ಅದರ ಸುಳಿವು. ಎಂಟು ದಿನದಲ್ಲಿ ಮೂರು ಊರು ಎಂಬ ನಿಮ್ಮ ಲೆಕ್ಕವನ್ನು ಎರಡಕ್ಕೆ ಇಳಿಸಿದರೆ ಮಾತ್ರ ಇಂಥದ್ದಕ್ಕೆ ಸಮಯ ಸಿಗುತ್ತದೆ.

ಪ್ರಶ್ನೆ: ಹಕ್ಕಿ ನೋಡುವ ಹವ್ಯಾಸ ಈಗಷ್ಟೇ ಹತ್ತಿದೆ. ಫೋನಿನಲ್ಲಿ ಧ್ವನಿ ಕೇಳಿಸಿದರೆ ಹಕ್ಕಿಯ ಹೆಸರು ಹೇಳುವ ಆ್ಯಪ್ ಇರುವಾಗ ಭಾರದ ಪುಸ್ತಕ ಹೊತ್ತು ತಿರುಗುವುದು ಅಗತ್ಯವೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಅಗತ್ಯ. ಆದರೆ ಆ್ಯಪ್ ಬಿಟ್ಟುಬಿಡಿ ಎಂದು ಹೇಳಲಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದ ‘ಮರ್ಲಿನ್’ ನಾನೂ ಬಳಸುವ ಒಳ್ಳೆಯ ಸಾಧನ. ಘಟ್ಟದಲ್ಲಿ ನೆಟ್‌ವರ್ಕ್ ಸಿಗದಿರುವುದರಿಂದ ನಮ್ಮ ಪ್ರದೇಶದ ಹಕ್ಕಿಗಳ ಮಾಹಿತಿಯನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಬೇಕು. ಅದರ ತೊಂದರೆಯೆಂದರೆ, ಅದು ಹೆಸರನ್ನು ಕೊಟ್ಟ ಕ್ಷಣಕ್ಕೆ ನಾವು ನೋಡುವುದನ್ನು ನಿಲ್ಲಿಸಿಬಿಡುತ್ತೇವೆ. ಮೇಲಾಗಿ ಭೀಮರಾಜನಂಥ ಹಕ್ಕಿ ಹತ್ತಾರು ಹಕ್ಕಿಗಳ ದನಿಯನ್ನು ಅನುಕರಿಸಬಲ್ಲದು. ಬಾಲದ ತುದಿಯಲ್ಲಿ ಎರಡು ತಂತಿಯಂಥ ಗರಿಗಳನ್ನು ಎಳೆದುಕೊಂಡು ಹಾರುವ ಅದನ್ನು ಕಣ್ಣಾರೆ ಕಾಣದೆ, ದನಿಯೊಂದನ್ನೇ ನಂಬಿದವರ ಪಟ್ಟಿಯಲ್ಲಿ ಅಲ್ಲಿ ಇಲ್ಲದ ಹಕ್ಕಿಗಳೂ ಸೇರಿಕೊಳ್ಳುತ್ತವೆ.

ಪುಸ್ತಕದ ಲಾಭವಿರುವುದು ಒಂದೇ ಪುಟದಲ್ಲಿ ಹೋಲಿಕೆಯ ಹಕ್ಕಿಗಳನ್ನೆಲ್ಲ ಅಕ್ಕಪಕ್ಕ ಇಟ್ಟು ತೋರಿಸುವುದರಲ್ಲಿ. ಸಲೀಂ ಅಲಿ ಅವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಮೊದಲು ಬಂದದ್ದು 1941ರಲ್ಲಿ. ರಂಗನತಿಟ್ಟಿನ ದ್ವೀಪಗಳನ್ನು ಪಕ್ಷಿಧಾಮವಾಗಿಸುವಂತೆ ಮೈಸೂರು ಅರಸರ ಮನವೊಲಿಸಿದವರೂ ಅವರೇ. ಆ ಪುಸ್ತಕದ ಬರವಣಿಗೆ ಇಂದಿಗೂ ಹೊಸತಾಗಿದೆ, ಮನೆಯಲ್ಲಿ ಇಟ್ಟುಕೊಂಡು ಓದಿ. ಚೀಲದಲ್ಲಿ ಇಡಲು ಗ್ರಿಮ್ಮೆಟ್ ಮತ್ತು ಇನ್‌ಸ್ಕಿಪ್ ಅವರ ದಕ್ಷಿಣ ಭಾರತದ ಹಕ್ಕಿಗಳ ಕೈಪಿಡಿ ಸಾಕು. ಇಡೀ ಉಪಖಂಡದ ದಪ್ಪ ಪುಸ್ತಕವನ್ನು ಹೊತ್ತರೆ ಹಿಮಾಲಯದ ನೂರಾರು ಹಕ್ಕಿಗಳ ನಡುವೆ ನಿಮ್ಮ ಕುಟುರ ಕಳೆದುಹೋಗುತ್ತದೆ. ಕನ್ನಡದ ಹೆಸರುಗಳಿಗೆ ತೇಜಸ್ವಿಯವರ ‘ಕನ್ನಡನಾಡಿನ ಹಕ್ಕಿಗಳು’ ಬೇಕೇ ಬೇಕು. ದಾಂಡೇಲಿಯ ಹಳ್ಳಿಯವರೊಂದಿಗೆ ಹಾರ್ನ್‌ಬಿಲ್ ಎಂದು ಮಾತಾಡುವುದಕ್ಕೂ ಮಂಗಟ್ಟೆ ಎಂದು ಮಾತಾಡುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದು ಅಲ್ಲಿ ಹೋದಾಗ ತಿಳಿಯುತ್ತದೆ. ಎರಡನೆಯ ಹೆಸರಿಗೆ ಅವರು ಗೂಡಿರುವ ಮರದ ಕಥೆಯನ್ನೇ ಬಿಚ್ಚುತ್ತಾರೆ.

ಬಳಸುವ ಕ್ರಮ ಹೀಗಿರಲಿ: ಹಕ್ಕಿ ಕಂಡ ಕೂಡಲೇ ಪುಸ್ತಕ ತೆರೆಯಬಾರದು. ಅದು ಹಾರಿಹೋಗುವವರೆಗೆ ನೋಡಿ, ಮೈನಾಗಿಂತ ದೊಡ್ಡದೋ ಚಿಕ್ಕದೋ, ಕೊಕ್ಕು ಹೇಗಿದೆ, ನೆಲದಲ್ಲಿತ್ತೋ ಕೊಂಬೆಯ ತುದಿಯಲ್ಲಿತ್ತೋ, ಬಾಲವನ್ನು ಏನು ಮಾಡುತ್ತಿತ್ತು ಎಂದು ಟಿಪ್ಪಣಿ ಬರೆದುಕೊಂಡು, ಆಮೇಲೆ ಪುಟ ತಿರುವಬೇಕು. ಹಕ್ಕಿಯನ್ನು ಹತ್ತಿರಕ್ಕೆ ಕರೆಯಲು ಅದರ ಧ್ವನಿಯ ಮುದ್ರಣವನ್ನು ನುಡಿಸುವ ಅಭ್ಯಾಸವನ್ನು ದಯವಿಟ್ಟು ಮಾಡಿಕೊಳ್ಳಬೇಡಿ. ಗೂಡು ಕಟ್ಟುವ ಕಾಲದಲ್ಲಿ ಅದು ತನ್ನ ಎಲ್ಲೆಗೆ ಶತ್ರು ಬಂದನೆಂದು ಭಾವಿಸಿ ಮರಿಗಳನ್ನು ಬಿಟ್ಟು ಓಡಿಬರುತ್ತದೆ.

ಪ್ರಶ್ನೆ: ಅಜ್ಜನ ಕಪಾಟಿನಲ್ಲಿ ಪಶ್ಚಿಮ ಘಟ್ಟದ ಚಾರಣದ ಹಳೆಯ ಇಂಗ್ಲಿಷ್ ಕೈಪಿಡಿಯೊಂದು ಸಿಕ್ಕಿತು. ಅದರಲ್ಲಿ ಈಗ ಯಾರೂ ಹೋಗದ ದಾರಿಗಳಿವೆ. ನಾಲ್ವರು ಗೆಳೆಯರು ಮಾರ್ಗದರ್ಶಕರಿಲ್ಲದೆ ಅದನ್ನೇ ಹಿಡಿದು ಹೋಗಬಹುದೇ?
— ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಬೇಡ. ಆ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಓದಿ, ಆದರೆ ಅದರ ಮಾತು ಕೇಳಿ ಕಾಡಿಗೆ ಇಳಿಯಬೇಡಿ. ನಿಮ್ಮ ವಯಸ್ಸಿನಲ್ಲಿ ನಾನೂ ಇಂಥದೊಂದು ಕೈಪಿಡಿಯನ್ನು ನಂಬಿ ಹೊರಟಿದ್ದೆ. ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದ ಕಾಲುದಾರಿಯನ್ನು ಬಳಸುತ್ತಿದ್ದ ದನಗಾಹಿಗಳು ಎಂದೋ ಊರು ಬಿಟ್ಟಿದ್ದರು. ದಾರಿ ಆಳೆತ್ತರದ ಹುಲ್ಲಿನಲ್ಲಿ ಮುಚ್ಚಿಹೋಗಿತ್ತು. ಹಳ್ಳದ ಪಾತ್ರದಲ್ಲಿ ಇಳಿದರೆ ಊರು ಸಿಕ್ಕೀತೆಂದು ಇಳಿದು, ಹೆಜ್ಜೆ ಇಡಲಾಗದ ಜಾರುಬಂಡೆಯ ತುದಿಯಲ್ಲಿ ರಾತ್ರಿ ಕಳೆದೆವು. ಕಾಡಿನಲ್ಲಿ ದಾರಿ ಉಳಿಯುವುದು ಅದರಲ್ಲಿ ನಡೆಯುವವರು ಇರುವ ತನಕ ಮಾತ್ರ.

ನಿಯಮಗಳೂ ಹಾಗೆಯೇ ಬದಲಾಗುತ್ತವೆ. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ದಾಂಡೇಲಿ-ಅಣಶಿ ಹುಲಿ ಮೀಸಲು ಪ್ರದೇಶಕ್ಕೆ 2015ರಲ್ಲಿ ಕಾಳಿ ಎಂಬ ಹೆಸರು ಬಂತು. ಇದಕ್ಕೂ ಹಿಂದಿನ ಪುಸ್ತಕದಲ್ಲಿ ಬಿಡಾರ ಹೂಡಬಹುದೆಂದು ಸೂಚಿಸಿರುವ ಜಾಗಕ್ಕೆ ಇಂದು ಪ್ರವೇಶವೇ ಇಲ್ಲದಿರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದು ಅಪರಾಧ. ಅರಣ್ಯ ಇಲಾಖೆಯ ಆನ್‌ಲೈನ್ ನೋಂದಣಿಯಲ್ಲಿ ತೆರೆದಿರುವ ದಾರಿಗಳೇ ನಿಮಗೆ ಸಾಕಷ್ಟಿವೆ, ಅಲ್ಲಿಂದ ಆರಂಭಿಸಿ.

ನೀವು ಕಲಿಯಲೇಬೇಕಾದದ್ದು ನಕ್ಷೆ ಓದುವುದನ್ನು. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಗಳಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಒಂದು ಸಮೋನ್ನತಿ ರೇಖೆಯಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 20 ಮೀಟರ್ ಎತ್ತರದ ವ್ಯತ್ಯಾಸ. ರೇಖೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ಒಂದಕ್ಕೊಂದು ತಾಗುವಷ್ಟು ಸಮೀಪವಿದ್ದರೆ ಪ್ರಪಾತ. ಕಾಲವನ್ನು ಅಂದಾಜು ಮಾಡಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಪ್ರತಿ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರಪರ್ವತದ ಎತ್ತರ 1,712 ಮೀಟರ್, ಕುಕ್ಕೆಯಿಂದ ಹೊರಟರೆ 1,500 ಮೀಟರಿಗೂ ಹೆಚ್ಚು ಏರಬೇಕು. ಏರಿಗೇ ಎರಡೂವರೆ ಗಂಟೆ ಸೇರಿಸಬೇಕಾಗುತ್ತದೆ. ನೈಸ್ಮಿತ್ ಲೆಕ್ಕದಲ್ಲಿ ನಮ್ಮ ಬಿಸಿಲು, ಬೆವರು, ಬೆನ್ನಿನ ಚೀಲ ಇಲ್ಲ, ಹಾಗಾಗಿ ಬಂದ ಉತ್ತರಕ್ಕೆ ಅರ್ಧದಷ್ಟು ಕೂಡಿಸಿಕೊಳ್ಳಿ.

ಹಳೆಯ ಕೈಪಿಡಿಗಳಲ್ಲಿ ರಕ್ತ ಹೀರುವ ಉಣ್ಣೆಯ ಕಾಟವನ್ನು ಸಣ್ಣ ಕಿರಿಕಿರಿಯೆಂಬಂತೆ ಬರೆದಿರುತ್ತಾರೆ. ಉಣ್ಣೆಯಿಂದ ಹರಡುವ ಮಂಗನ ಕಾಯಿಲೆಯನ್ನು ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಿದ್ದು 1957ರಲ್ಲಿ. ಚಾರಣಕ್ಕೆ ಹಿತವಾದ ಚಳಿಗಾಲ, ಬೇಸಿಗೆಗಳೇ ಅದು ಹರಡುವ ಕಾಲವೂ ಹೌದು. ಹೋಗುವ ಮುನ್ನ ಆ ಊರಿನ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ತುಂಬು ತೋಳಿನ ಅಂಗಿ ತೊಡಿ, ಸತ್ತ ಮಂಗ ಕಂಡ ಜಾಗದಿಂದ ಕೂಡಲೇ ದೂರ ಸರಿದು ಇಲಾಖೆಗೆ ತಿಳಿಸಿ.

ಪ್ರಶ್ನೆ: ಶಿವಮೊಗ್ಗದಿಂದ ಅಪ್ಪ ಅಮ್ಮ ಜೂನ್‌ನಲ್ಲಿ ನಮ್ಮಲ್ಲಿಗೆ ಬರುತ್ತಿದ್ದಾರೆ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋಗುವವಳಿದ್ದೇನೆ. ಹೋಗುವ ಮುನ್ನ ಮೂವರೂ ಸೇರಿ ಓದಬಹುದಾದದ್ದು ಏನು?
— ಓದುಗರು, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಉತ್ತರ: ಜೂನ್ ಒಳ್ಳೆಯ ಆಯ್ಕೆ. ಹಿಮ ಕರಗಿದ ನೀರಿನಿಂದಲೇ ಹರಿಯುವ ಯೊಸೆಮಿಟಿ ಜಲಪಾತ ಬೇಸಿಗೆಯ ಕೊನೆಯ ಹೊತ್ತಿಗೆ ಅನೇಕ ವರ್ಷ ಒಣಗಿಹೋಗಿರುತ್ತದೆ. ಮಳೆಗಾಲದಲ್ಲಿ ಜೋಗ ನೋಡಿದ ನಿಮ್ಮ ತಂದೆ ತಾಯಿಗೆ ಈ ವ್ಯತ್ಯಾಸವನ್ನು ಮೊದಲೇ ಹೇಳಿಡಿ.

ಓದಬೇಕಾದದ್ದು ಜಾನ್ ಮ್ಯೂರ್ ಅವರ ‘ಮೈ ಫಸ್ಟ್ ಸಮ್ಮರ್ ಇನ್ ದ ಸಿಯೆರಾ’. ಸ್ಕಾಟ್ಲೆಂಡಿನಲ್ಲಿ 1838ರಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ ಮ್ಯೂರ್, 1869ರ ಬೇಸಿಗೆಯಲ್ಲಿ ಕುರಿಮಂದೆಯೊಂದರ ಜೊತೆ ಬೆಟ್ಟ ಹತ್ತಿದಾಗ ಬರೆದ ದಿನಚರಿ ಅದು. ಪುಸ್ತಕವಾಗಿ ಬಂದದ್ದು 1911ರಲ್ಲಿ. ಕುರಿಗಳನ್ನು ಕಾಯುವ ಕೆಲಸಕ್ಕೆ ಹೋದ ಮನುಷ್ಯ, ಆ ಕುರಿಗಳೇ ಹೂಗಾವಲುಗಳನ್ನು ಬೋಳಿಸುವುದನ್ನು ಕಂಡು ಮುಂದೆ ಅವುಗಳ ವಿರುದ್ಧ ದನಿ ಎತ್ತಿದ. 1890ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವಾಗುವುದರಲ್ಲಿ ಅವನ ಲೇಖನಗಳ ಪಾಲು ದೊಡ್ಡದು. ದಿನಕ್ಕೊಂದು ಪುಟದಂತೆ ಅನುವಾದಿಸುತ್ತಾ ಓದಿ ಹೇಳಬಹುದಾದಷ್ಟು ಸರಳವಾದ ದಿನಚರಿ ಇದು.

ಅವನ ಜೀವನದ ಕೊನೆಯ ಸೋಲು ನಿಮ್ಮ ತಂದೆ ತಾಯಿಯನ್ನು ಮುಟ್ಟದೇ ಇರದು. ಉದ್ಯಾನದೊಳಗೇ ಇದ್ದ ಹೆಚ್ ಹೆಚಿ ಎಂಬ ಕಣಿವೆಗೆ ಸ್ಯಾನ್ ಫ್ರಾನ್ಸಿಸ್ಕೋ ನಗರದ ನೀರಿಗಾಗಿ ಅಣೆಕಟ್ಟು ಕಟ್ಟಲು 1913ರಲ್ಲಿ ಕಾನೂನು ಒಪ್ಪಿಗೆ ಸಿಕ್ಕಿತು. ಮರುವರ್ಷದ ಡಿಸೆಂಬರಿನಲ್ಲಿ ಮ್ಯೂರ್ ತೀರಿಕೊಂಡ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರುಗಳು ಮುಳುಗಿದ ಜಿಲ್ಲೆಯವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಆದರೆ ಮ್ಯೂರ್‌ನೊಬ್ಬನನ್ನೇ ಓದಿದರೆ ಯೊಸೆಮಿಟಿ ಕಣಿವೆ ಮನುಷ್ಯರಿಲ್ಲದ ಜಾಗವಾಗಿತ್ತೆಂದು ಅನ್ನಿಸಿಬಿಡುತ್ತದೆ. ಅದು ನಿಜವಲ್ಲ. ಅಲ್ಲಿ ಬಾಳುತ್ತಿದ್ದ ಅವಾನೀಚಿ ಜನರನ್ನು 1851ರಲ್ಲಿ ಮಾರಿಪೋಸಾ ಪಡೆ ಬಲವಂತದಿಂದ ಹೊರಗಟ್ಟಿತ್ತು. ಮೂಲನಿವಾಸಿಗಳ ಬಗ್ಗೆ ಮ್ಯೂರ್ ಬರೆದ ಕೆಲವು ಸಾಲುಗಳು ಓದಲು ನೋವಾಗುವಂಥವು. ಅವನೇ ಕಟ್ಟಿದ ಪರಿಸರ ಸಂಸ್ಥೆ ಸಿಯೆರಾ ಕ್ಲಬ್ 2020ರಲ್ಲಿ ಇದನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಕಾಡಿನ ಮೇಲಿನ ಹಕ್ಕು ಸಿಗಲು ಎಷ್ಟು ಕಾಲ ಬೇಕಾಯಿತೆಂದು ಬಲ್ಲ ನಾವು ಯಾವ ಸುಂದರ ಕಾಡಿನ ಪುಸ್ತಕವನ್ನು ಹಿಡಿದರೂ ಅಲ್ಲಿ ಮೊದಲು ಯಾರಿದ್ದರು ಎಂದು ಕೇಳಿಕೊಳ್ಳಬೇಕು. ಗಿಡ, ಹಕ್ಕಿ, ಅಳಿಲುಗಳನ್ನು ಗುರುತಿಸಲು ‘ದ ಲಾಸ್ ಫೀಲ್ಡ್ ಗೈಡ್ ಟು ದ ಸಿಯೆರಾ ನೆವಾಡಾ’ ಎಂಬ ಬಣ್ಣದ ಚಿತ್ರಗಳ ಪುಸ್ತಕ ಚೀಲದಲ್ಲಿರಲಿ. ಇಂಗ್ಲಿಷ್ ಓದಲು ಕಷ್ಟಪಡುವವರೂ ಚಿತ್ರ ನೋಡಿ ಹುಡುಕಬಹುದು.

ಪ್ರಶ್ನೆ: ನಾಗರಹೊಳೆಯ ಸಫಾರಿಗೆ ಮೂರು ಸಲ ಹೋದೆ, ಮೂರು ಸಲವೂ ಹುಲಿ ಕಾಣಲಿಲ್ಲ. ವನ್ಯಜೀವಿಗಳ ಪುಸ್ತಕ ಓದಿದರೆ ಪ್ರತಿ ಪುಟದಲ್ಲೂ ಹುಲಿ ಎದುರಾಗುತ್ತದೆ. ನನಗೆ ಸಮಾಧಾನ ಹೇಳುವ ಪುಸ್ತಕ ಯಾವುದಾದರೂ ಇದೆಯೇ?
— ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಉತ್ತರ: ಇದೆ. ಅಮೆರಿಕದ ಲೇಖಕ ಪೀಟರ್ ಮ್ಯಾಥಿಸನ್ 1973ರಲ್ಲಿ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾಲರ್ ಜೊತೆ ನೇಪಾಳದ ಡೋಲ್ಪೊ ಪ್ರದೇಶಕ್ಕೆ ನಡೆದು ಹೋದರು. ಶಾಲರ್ ಹೋದದ್ದು ಹಿಮಾಲಯದ ನೀಲಿ ಕುರಿಗಳ ಅಧ್ಯಯನಕ್ಕೆ, ಇಬ್ಬರ ಮನಸ್ಸಿನಲ್ಲೂ ಇದ್ದದ್ದು ಹಿಮ ಚಿರತೆಯ ಆಸೆ. ಹೆಂಡತಿಯನ್ನು ಕಳೆದುಕೊಂಡು ಹೆಚ್ಚು ಕಾಲವಾಗಿರದ ಮ್ಯಾಥಿಸನ್ ವಾರಗಟ್ಟಲೆ ಹಿಮದಲ್ಲಿ ನಡೆದು, ಅದರ ಹೆಜ್ಜೆಗುರುತು ಕಂಡು, ಹಿಕ್ಕೆ ಕಂಡು, ಚಿರತೆಯನ್ನು ಮಾತ್ರ ಕಾಣದೆ ಮರಳಿದರು. 1978ರಲ್ಲಿ ಬಂದ ಆ ಪುಸ್ತಕದ ಹೆಸರೇ ‘ದ ಸ್ನೋ ಲೆಪರ್ಡ್’. ಕಾಣದ ಪ್ರಾಣಿಯ ಹೆಸರನ್ನು ಹೊತ್ತ ಅದನ್ನು ನಾನು ಮೂರು ಸಲ ಓದಿದ್ದೇನೆ, ಕಂಡಿದ್ದರೆ ಇಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲವೇನೋ ಎಂದು ಪ್ರತಿ ಸಲವೂ ಅನ್ನಿಸಿದೆ.

ನಿಮ್ಮ ಕಾಡಿಗೇ ಹತ್ತಿರದ್ದು ಬೇಕಾದರೆ ಕೃಪಾಕರ ಮತ್ತು ಸೇನಾನಿಯವರ ‘ಕೆನ್ನಾಯಿಯ ಜಾಡಿನಲ್ಲಿ’ ಓದಿ. ಹುಲಿಗಾಗಿ ಕಾದು ಬೇಸತ್ತವರು ಗಮನಿಸದೆ ಬಿಡುವ ಪ್ರಾಣಿಯೊಂದರ ಹಿಂದೆ ವರ್ಷಗಟ್ಟಲೆ ಬಿದ್ದವರ ತಾಳ್ಮೆ ಅದರಲ್ಲಿದೆ. ಶಾಲರ್ ಅವರೇ ಕಾನ್ಹಾ ಕಾಡಿನ ಬಗ್ಗೆ 1967ರಲ್ಲಿ ಪ್ರಕಟಿಸಿದ ‘ದ ಡೀರ್ ಅಂಡ್ ದ ಟೈಗರ್’ ವಿಜ್ಞಾನದ ಗ್ರಂಥ, ಸ್ವಲ್ಪ ಒಣ ಓದು. ಅದರ ಹೆಸರಿನಲ್ಲಿ ಜಿಂಕೆ ಮೊದಲು, ಹುಲಿ ಆಮೇಲೆ ಬರುವುದು ಸರಿಯಾಗಿಯೇ ಇದೆ; ಹುಲಿಯನ್ನು ಕಾಣುವ ದಾರಿ ಜಿಂಕೆಗಳ ಮೂಲಕವೇ ಹೋಗುತ್ತದೆ.

ಮುಸುವ ಮಂಗಗಳಿರುವ ಮರದ ಕೆಳಗೆ ಜಿಂಕೆಗಳು ಮೇಯುವುದನ್ನು ನೀವು ಖಂಡಿತ ನೋಡಿರುತ್ತೀರಿ. ಮೇಲಿನಿಂದ ಉದುರಿದ ಎಲೆ, ಕಾಯಿ ಜಿಂಕೆಗೆ ಸಿಗುತ್ತದೆ, ಮರದ ತುದಿಯಲ್ಲಿರುವ ಮುಸುವನಿಗೆ ದೂರದ ಅಪಾಯ ಮೊದಲೇ ಕಾಣುತ್ತದೆ. ಮುಂದಿನ ಸಫಾರಿಯಲ್ಲಿ ಹುಲಿ ಎಲ್ಲಿದೆಯೆಂದು ಚಾಲಕರನ್ನು ಕೇಳುವುದನ್ನು ಬಿಟ್ಟು, ಇಂಥ ಮರವೊಂದರ ಹತ್ತಿರ ಎಂಜಿನ್ ಆರಿಸಿ ಹತ್ತು ನಿಮಿಷ ನಿಲ್ಲಿಸಲು ವಿನಂತಿಸಿ. ಮುಸುವ ಒರಟಾಗಿ ಕೆಮ್ಮಿದಂತೆ ಕೂಗಿ, ಜಿಂಕೆಗಳು ತಲೆಯೆತ್ತಿ ಒಂದೇ ದಿಕ್ಕಿಗೆ ಕಿವಿ ನಿಮಿರಿಸಿದರೆ, ನೀವೂ ಆ ದಿಕ್ಕಿನ ಪೊದೆಯನ್ನೇ ನೋಡುತ್ತಿರಿ.